ಪಾತ್ರೆ ಖಾಲಿ ಕೊಡಬಾರದು

ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಅಂಗಡಿಯಿಂದ ಸಮುದ್ರದ ದಂಡೆಗೆ ನಡೆದರೆ ಕಾಲು ಗಂಟೆ. ಆ ದಾರಿಯಲ್ಲಿ ನಾನು ರುಚಿ ನೋಡದೆ ಬಿಟ್ಟ ದೇಶವೇ ಇಲ್ಲ ಎಂದು ಒಂದು ಕಾಲದಲ್ಲಿ ಜಂಬ ಕೊಚ್ಚುತ್ತಿದ್ದೆ. ಶುಕ್ರವಾರ ನಮಗೆ ಅರ್ಧ ದಿನ ರಜೆ. ರೂಮಿನ ಉಳಿದ ನಾಲ್ವರು ಎ.ಸಿ. ಕೆಳಗೆ ಕಂಬಳಿ ಹೊದ್ದು ಮಲಗಿದರೆ ನಾನು ಹೊರಗೆ ಬೀಳುತ್ತಿದ್ದೆ. ಇರಾನಿಯವನ ಒಲೆಯ ರೊಟ್ಟಿ, ಈಜಿಪ್ಟಿನವರ ಅವರೆಕಾಳು, ಇಥಿಯೋಪಿಯಾದ ಹೆಂಗಸರು ಮಾಡುವ ಹುಳಿ ದೋಸೆ, ಫಿಲಿಪೀನಿಯರ ವಿನೆಗರ್ ಹಾಕಿದ ಕೋಳಿ, ಎಲ್ಲ ತಿಂದಾಗಿತ್ತು. ಇವನ ಹಸಿವು ಹೊಟ್ಟೆಯಲ್ಲಿಲ್ಲ, ನಾಲಿಗೆಯಲ್ಲಿದೆ ಎಂದು ಅಮ್ಮ ಊರಿನಲ್ಲಿ ಎಲ್ಲರ ಎದುರು ಹೇಳುತ್ತಿದ್ದಳು. ಅವಳು ಹೇಳಿದ್ದು ತಮಾಷೆಗೆ. ನಾನು ಅದನ್ನು ಹೊಗಳಿಕೆ ಎಂದುಕೊಂಡೇ ಬೆಳೆದೆ.

ನಾನು ಮುಲ್ಕಿ ಕಡೆಯವನು, ಮನೆಮಾತು ತುಳು. ಹದಿನಾಲ್ಕು ವರ್ಷದಿಂದ ಇಲ್ಲಿ ಒಂದು ಬಕಾಲಾದಲ್ಲಿದ್ದೇನೆ. ಸಣ್ಣ ಕಿರಾಣಿ ಅಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ. ತರಕಾರಿ, ಹಣ್ಣು ನನ್ನ ಪಾಲು. ವಾರಕ್ಕೆ ಮೂರು ಬೆಳಿಗ್ಗೆ ವ್ಯಾನಿನಲ್ಲಿ ಸುಲೈಬಿಯಾದ ಗೋದಾಮಿಗೆ ಹೋಗಿ ಆರಿಸಿ ತರುತ್ತೇನೆ. ಗಲ್ಲಾದಲ್ಲಿ ಕೂರುವವನು ಬಂಟ್ವಾಳ ಕಡೆಯ ಬ್ಯಾರಿ. ನನಗಿಂತ ಎರಡು ವರ್ಷ ಮೊದಲೇ ಬಂದವನು. ನನ್ನ ತಲೆಯೊಳಗೆ ಏನು ಓಡುತ್ತಿದೆ ಎಂದು ನನಗಿಂತ ಮೊದಲು ಅವನಿಗೆ ತಿಳಿಯುತ್ತದೆ.

ಆ ಹೆಂಗಸು ಮೊದಲ ಸಲ ಅಂಗಡಿಗೆ ಬಂದಾಗ ಮಲಯಾಳಿಗಳಿಗೆಂದು ನಾನು ಇಟ್ಟಿದ್ದ ನೇಂದ್ರ ಬಾಳೆಕಾಯಿಯ ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ನಿಂತಳು. ನಲವತ್ತರ ಆಸುಪಾಸು, ನಮ್ಮ ಕಡೆಯವರಷ್ಟೇ ಕಪ್ಪು, ಗುಂಗುರು ಕೂದಲನ್ನು ಬಿಗಿದು ಬಟ್ಟೆ ಕಟ್ಟಿದ್ದಳು. ಒಂದೊಂದು ಕಾಯಿಗೂ ಉಗುರಿನ ತುದಿ ಒತ್ತಿ, ಹಾಲು ಒಸರಿದರೆ ಮಾತ್ರ ಬುಟ್ಟಿಗೆ ಹಾಕಿದಳು. ನನಗೆ ಸಿಟ್ಟು ಬಂತು. ಉಗುರು ತಾಗಿದ ಕಾಯಿ ಮರುದಿನ ಕಪ್ಪಾಗುತ್ತದೆ, ಆಮೇಲೆ ಕೊಳ್ಳುವವರು ಯಾರು? ಆದರೆ ಸಿಟ್ಟಿಗಿಂತ ನನ್ನ ಚಪಲ ದೊಡ್ಡದು. ಇಷ್ಟು ಎಳೆಯದರಲ್ಲಿ ಏನು ಮಾಡುತ್ತೀರಿ ಎಂದು ಕೇಳಿಯೇಬಿಟ್ಟೆ.

ಅರ್ಧ ಇಂಗ್ಲಿಷು, ಅರ್ಧ ಕುವೈತಿನ ಅರಬಿಯಲ್ಲಿ ಹೇಳಿದಳು. ಅವಳದು ಡೊಮಿನಿಕನ್ ದೇಶ. ಅಲ್ಲಿ ಬೆಳಗ್ಗೆ ಬಾಳೆಕಾಯಿ ಬೇಯಿಸಿ, ಬೆಂದ ನೀರನ್ನೇ ಸ್ವಲ್ಪ ಬೆರೆಸಿ ಬೆಣ್ಣೆ ಹಾಕಿ ನುಣ್ಣಗೆ ಮಸೆಯುತ್ತಾರೆ, ಮೇಲೆ ವಿನೆಗರಿನಲ್ಲಿ ಬಾಡಿಸಿದ ಕೆಂಪು ಈರುಳ್ಳಿ ಹರಡುತ್ತಾರೆ. ಅದಕ್ಕೆ ಮಂಗೂ ಎನ್ನುತ್ತಾರಂತೆ. ಆ ದೇಶ ಎಲ್ಲಿದೆ ಎಂದು ನಾನು ಫೋನಿನ ನಕ್ಷೆಯಲ್ಲಿ ಹುಡುಕಿದೆ. ಸಿಕ್ಕಿದಾಗ, ಇಷ್ಟು ದೂರದವರೂ ಇಲ್ಲಿ ಬಂದು ಬೀಳುತ್ತಾರಲ್ಲ ಎನಿಸಿತು.

ಮುಂದಿನ ವಾರ ಅವಳು ಮೊಸರಿನ ಖಾಲಿ ಡಬ್ಬಿಯೊಂದರಲ್ಲಿ ಮಂಗೂ ತಂದು ಮೇಜಿನ ಮೇಲಿಟ್ಟಳು. ನಾನು ಗೋಣಿಚೀಲಗಳ ಹಿಂದೆ ನಿಂತು ತಿಂದೆ. ಹುಳಿ ಈರುಳ್ಳಿ, ಬೆಣ್ಣೆ, ಬಾಳೆಕಾಯಿಯ ಒಗರು. ನಮ್ಮಲ್ಲಿ ಇದೇ ಕಾಯಿಗೆ ತೆಂಗು ಹಾಕಿ ಪಲ್ಯ ಮಾಡುತ್ತಾರೆ, ಸುಕ್ಕ ಮಾಡುತ್ತಾರೆ. ಆದರೆ ಹೀಗೆ ಮಗುವಿಗೆ ಉಣಿಸುವ ಹಾಗೆ ಮಸೆದು ಬೆಳೆದವರು ತಿನ್ನುವುದನ್ನು ನಾನು ಕಂಡಿರಲಿಲ್ಲ. ಅಂದಿನಿಂದ ಸುಲೈಬಿಯಾದಲ್ಲಿ ಅತಿ ಎಳೆಯ ಗೊನೆಯನ್ನು ಅವಳಿಗೆಂದು ಬೇರೆ ತೆಗೆದಿಡತೊಡಗಿದೆ. ಅವಳು ಪ್ರತಿ ವಾರ ಒಂದು ಡಬ್ಬಿ ತರುತ್ತಿದ್ದಳು. ಚಪ್ಪಟೆ ಒತ್ತಿ ಎರಡು ಸಲ ಕರಿದ ಕಾಯಿ. ಬಿಳಿ ಅನ್ನ, ಕೆಂಪು ರಾಜ್ಮಾ ಕಾಳಿನ ಸಾರು, ಕೋಳಿ. ಒಮ್ಮೆ ಆ ಕಾಳನ್ನೇ ತೆಂಗಿನಹಾಲು, ಗೆಣಸು, ಒಣದ್ರಾಕ್ಷಿ ಹಾಕಿ ಪಾಯಸ ಮಾಡಿ ತಂದಳು, ಈಸ್ಟರಿಗೆ ಮೊದಲು ಅವರಲ್ಲಿ ಮಾಡುವುದಂತೆ. ಅದನ್ನು ತಿಂದು ನನ್ನ ಕಣ್ಣು ಹನಿಗೂಡಿತು. ನಮ್ಮ ಕಡ್ಲೆಬೇಳೆ ಪಾಯಸಕ್ಕೂ ಅದಕ್ಕೂ ಏಲಕ್ಕಿಯಷ್ಟೇ ವ್ಯತ್ಯಾಸ.

ಗಲ್ಲಾದವನು ನೋಡಿ ನೋಡಿ ಒಂದು ದಿನ ಹೇಳಿದ: "ಮಾರಾಯ, ನೀನು ತಿನ್ನುದು ತಿನ್ನು. ಆದ್ರೆ ಹೆಂಗಸು ಒಬ್ಬಳೇ ಇರುದು ಅಂತ ಗೊತ್ತುಂಟಲ್ಲ? ಇದು ನಿನ್ನ ಮುಲ್ಕಿ ಅಲ್ಲ."

"ಬಾಳೆಕಾಯಿ ಕೊಡುದು, ತಿನ್ನುದು. ಅಷ್ಟೇ," ಎಂದೆ.

"ಅಷ್ಟೇ ಅಂತ ನಿಂಗೆ ಗೊತ್ತು, ನಂಗೆ ಗೊತ್ತು. ಉಳಿದವ್ರಿಗೆ ಗೊತ್ತಾಗ್ಬೇಕಲ್ಲ?"

ಹೆಂಡತಿಯೂ ಊರಿನಿಂದ ಫೋನಿನಲ್ಲಿ ಕಿಚಾಯಿಸುತ್ತಿದ್ದಳು, ತಾನು ಬೇಯಿಸಿದ್ದಕ್ಕೆ ಒಂದು ದಿನ ಇಷ್ಟು ಹೊಗಳಿಕೆ ಸಿಕ್ಕಿದ್ದರೆ ಬಂಗಾರ ಕೇಳುತ್ತಿರಲಿಲ್ಲ ಎಂದು. ಅವಳಿಗೆ ನಾನು ಎಲ್ಲ ಹೇಳುತ್ತಿದ್ದೆ. ಮುಚ್ಚಿಡುವಂಥದು ಏನೂ ಇರಲಿಲ್ಲ.

ಮುಚ್ಚಿಡುವಂಥದು ಇದ್ದದ್ದು ಆ ಹೆಂಗಸಿನ ಪಾಲಿಗೆ. ಒಂದು ದಿನ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿಗೆ ಅವಳೇ ಬಿಡಿಸಿ ಹೇಳಿದಳು. ಈ ನಾಡಿನವನೊಬ್ಬ ಹೊರದೇಶದಲ್ಲಿ ಓದುವಾಗ ಅವಳನ್ನು ಮದುವೆಯಾಗಿ ಕರೆತಂದಿದ್ದ. ಮೂರು ವರ್ಷದ ಹಿಂದೆ ಬಿಟ್ಟ. ಒಂಬತ್ತು ವರ್ಷದ ಮಗಳು ಜಹ್ರಾದಲ್ಲಿ ತಂದೆಯ ತಾಯಿಯ ಜೊತೆ ಇದ್ದಾಳೆ. ಪ್ರತಿ ಶನಿವಾರ ಡ್ರೈವರ್ ಮಗುವನ್ನು ಕರೆತಂದು ಬಿಡುತ್ತಾನೆ, ಸಂಜೆ ಕರೆದೊಯ್ಯುತ್ತಾನೆ. ಇವಳ ಇಕಾಮಾ, ಎಂದರೆ ಈ ದೇಶದಲ್ಲಿ ಉಳಿಯುವ ಪರವಾನಗಿ, ಪ್ರತಿ ವರ್ಷ ಆ ಮಾಜಿ ಗಂಡ ಸಹಿ ಹಾಕಿದರೆ ಉಂಟು, ಇಲ್ಲವಾದರೆ ಇಲ್ಲ. ಅವನು ಹೇಳಿದ್ದು ಒಂದೇ ಮಾತು. ಅವಳ ಮನೆಯ ಬಾಗಿಲಲ್ಲಿ ಗಂಡಸು ಕಾಣಿಸಬಾರದು.

ಅದಕ್ಕೇ ಅವಳು ಎಲ್ಲರ ಹಾಗೆ ಫೋನು ಮಾಡಿ ಸಾಮಾನು ತರಿಸುತ್ತಿರಲಿಲ್ಲ. ನೀರಿನ ಕ್ಯಾನನ್ನು ಕೂಡ ತಾನೇ ನಾಲ್ಕನೇ ಮಹಡಿಗೆ ಹೊರುತ್ತಿದ್ದಳು. ಡಬ್ಬಿಗಳು ಬಿಸಾಡುವಂಥವೇ ಆಗಿರುತ್ತಿದ್ದದ್ದು ಏಕೆಂದು ಆಗ ನನಗೆ ತಿಳಿಯಿತು. ಹಿಂದಿರುಗಿಸುವ ಪ್ರಶ್ನೆ ಬರಬಾರದು.

"ಯಾರಾದರೂ ಕೇಳಿದರೆ ನಿನಗೆ ನನ್ನ ಪರಿಚಯ ಇಲ್ಲ," ಎಂದಳು. ನಾನು ತಲೆಯಾಡಿಸಿದೆ. ಮಗಳನ್ನು ಒಂದೆರಡು ಸಲ ಅಂಗಡಿಗೆ ಕರೆತಂದಿದ್ದಳು. ಆ ಮಗುವೂ ತಾಯಿಯ ಹಾಗೆಯೇ ಕಾಯಿಗೆ ಉಗುರು ಒತ್ತಿ ನೋಡುತ್ತಿತ್ತು. ನಾನು ಏನೂ ಅನ್ನುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳ ಮುಖದಲ್ಲಿ ಕಳೆ ಬಂದಿತ್ತು. ಅಜ್ಜಿಗೆ ವಯಸ್ಸಾಗಿದೆ, ಮೊಣಕಾಲು ನೋವು, ಬೆಳೆಯುವ ಹುಡುಗಿಯನ್ನು ಸುಧಾರಿಸುವುದು ಕಷ್ಟ. ಶಾಲೆ ಶುರುವಾದ ಮೇಲೆ ಮಗು ತಾಯಿಯ ಹತ್ತಿರವೇ ಇರಲಿ, ರಜೆಗೆ ಮಾತ್ರ ಜಹ್ರಾಕ್ಕೆ ಬರಲಿ ಎಂಬ ಮಾತು ನಡೆದಿತ್ತು. ಆದರೆ ಅಜ್ಜಿ ಒಮ್ಮೆ ಮನೆಯನ್ನು ಕಣ್ಣಾರೆ ನೋಡಬೇಕು. ಯಾವ ದಿನ ಬರುತ್ತಾಳೋ ಹೇಳುವುದಿಲ್ಲ. ಇವಳು ಗೋಡೆಗೆ ತಾನೇ ಬಣ್ಣ ಹೊಡೆದಳು, ಮಗುವಿಗೆ ಸಣ್ಣ ಮಂಚ ತಂದಳು. ಮಂಚದ ಫೋಟೊವನ್ನು ನನಗೆ ಮೂರು ಸಲ ತೋರಿಸಿದಳು.

ನಾನು ಆಗ ಮಾಡಿದ ಮೂರ್ಖತನ ಇದು: ತಳ ಹಿಡಿದ ಅನ್ನ ಕೇಳಿದೆ.

ಅವರಲ್ಲಿ ಅನ್ನ ಬಸಿಯುವುದಿಲ್ಲ. ದಪ್ಪ ಅಲ್ಯೂಮಿನಿಯಮ್ಮಿನ ಪಾತ್ರೆಯಲ್ಲಿ ಎಣ್ಣೆ, ಉಪ್ಪು ಹಾಕಿ ನೀರು ಇಂಗುವವರೆಗೆ ಬೇಯಿಸಿ, ಸಣ್ಣ ಉರಿಯಲ್ಲಿ ಬಿಡುತ್ತಾರೆ. ತಳದಲ್ಲಿ ಕಂದು ಬಣ್ಣದ ಗರಿಗರಿ ಪದರು ಕಟ್ಟುತ್ತದೆ. ಅದು ಕೊಂಕೋನ್. ಮನೆಯಲ್ಲಿ ಮಕ್ಕಳೂ ದೊಡ್ಡವರೂ ಅದಕ್ಕೇ ಜಗಳ ಮಾಡುತ್ತಾರಂತೆ, ಅವಳ ಮಗಳು ಶನಿವಾರ ಬಂದ ಕೂಡಲೇ ಮೊದಲು ಕೇಳುವುದು ಅದನ್ನೇ. ನಮ್ಮಲ್ಲಿ ಕುಚ್ಚಲಕ್ಕಿ, ಗಂಜಿ ಬಸಿದು ತೆಗೆಯುತ್ತಾರೆ, ತಳ ಹಿಡಿಯುವುದೇ ಇಲ್ಲ. ಹಿಡಿದರೆ ಅದು ಅಡುಗೆ ಮಾಡಿದವಳಿಗೆ ಬೈಗುಳ, ನಾಯಿಗೆ ಊಟ. ತಳ ಹಿಡಿದದ್ದನ್ನು ಕಿತ್ತಾಡಿ ತಿನ್ನುವ ಜನ ಇದ್ದಾರೆ ಎಂದಮೇಲೆ ನನ್ನ ನಾಲಿಗೆ ಸುಮ್ಮನಿರುವುದುಂಟೇ? ಎರಡು ವಾರ ಕಾಡಿದೆ. ಅದು ಡಬ್ಬಿಗೆ ಹಾಕಿದರೆ ಮೆತ್ತಗಾಗುತ್ತದೆ, ಪಾತ್ರೆಯಿಂದಲೇ ಕೆರೆದು ತಿನ್ನಬೇಕು ಎಂದಳು. ಕೊನೆಗೆ ಒಂದು ಗುರುವಾರ ಪಾತ್ರೆಯನ್ನೇ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಅವಳ ತಾಯಿಯ ಪಾತ್ರೆ, ಕಿವಿಯೊಂದು ಸ್ವಲ್ಪ ಸೊಟ್ಟಗಾಗಿತ್ತು. ಶನಿವಾರ ಮಗಳಿಗೆ ಬೇಕು, ಅದರೊಳಗೆ ಬೇಕು ಎಂದಳು.

ತಿಂದೆ. ಚಮಚದಿಂದ ಕೆರೆದು, ಕೊನೆಗೆ ಬೆರಳಿನಿಂದ ಕೆರೆದು ತಿಂದೆ. ಆ ರುಚಿಯ ಬಗ್ಗೆ ಈಗ ಬರೆಯಲು ಮನಸ್ಸಿಲ್ಲ.

ಮರುದಿನ ಶುಕ್ರವಾರ. ಮಧ್ಯಾಹ್ನ ಅವಳ ಸಂದೇಶ ಬಂತು: ಜ್ವರ, ಇವತ್ತು ಅಂಗಡಿಗೆ ಬರಲಾರೆ. ಪಾತ್ರೆಯನ್ನು ಕೆಳಗೆ ವಾಚ್‌ಮನ್ ಹತ್ತಿರ ಕೊಡು. ಅವನಿಲ್ಲದಿದ್ದರೆ ಮೆಟ್ಟಿಲ ಬುಡದಲ್ಲಿಟ್ಟು ಹೋಗು. ಮೇಲೆ ಬರಬೇಡ.

ಇದಕ್ಕಿಂತ ಸ್ಪಷ್ಟವಾಗಿ ಯಾರು ಬರೆಯುತ್ತಾರೆ?

ಆಗ ನಮ್ಮಲ್ಲಿ ಆಟಿ ತಿಂಗಳು, ಘಟ್ಟದ ಮೇಲಿನವರ ಆಷಾಢ. ವಫ್ರಾದ ತೋಟದಲ್ಲಿ ಕೆಲಸ ಮಾಡುವ ಊರಿನವನೊಬ್ಬ ಕೆಸುವಿನ ಎಲೆ ಕಳಿಸಿದ್ದ, ರೂಮಿನಲ್ಲಿ ನಾವು ಪತ್ರೊಡೆ ಮಾಡಿದ್ದೆವು. ನಾನು ಪಾತ್ರೆಯನ್ನು ತಿಕ್ಕಿ ತೊಳೆದೆ, ಒರೆಸಿದೆ. ತೊಳೆದ ಪಾತ್ರೆಯ ಖಾಲಿ ತಳ ನೋಡಿ ಕೈ ತಡೆಯಿತು. ಊಟ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಏನೂ ಇಲ್ಲವೆಂದರೆ ಒಂದು ಮುಷ್ಟಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಅಮ್ಮ ನೆರೆಮನೆಯ ಲೋಟವನ್ನು ಕೂಡ ಖಾಲಿ ಕೊಟ್ಟವಳಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಎಂಟು ತುಂಡು ಪತ್ರೊಡೆಯನ್ನು ಜೋಡಿಸಿ ಮುಚ್ಚಳ ಹಾಕಿದೆ.

ಅವಳ ಕಟ್ಟಡದ ಕೆಳಗೆ ವಾಚ್‌ಮನ್ ಇರಲಿಲ್ಲ, ಮಸೀದಿಗೆ ಹೋಗಿದ್ದ. ಖಾಲಿ ಪಾತ್ರೆಯಾಗಿದ್ದರೆ ಇಟ್ಟು ಬರುತ್ತಿದ್ದೆ. ನನ್ನ ಮಾತಿನ ಮೇಲೆ ನಂಬಿಕೆ ಇಡುವುದಾದರೆ ಇಡಿ, ನಿಜವಾಗಿಯೂ ಇಟ್ಟು ಬರುತ್ತಿದ್ದೆ. ಆದರೆ ಅದರಲ್ಲಿ ಊಟ ಇತ್ತು. ನಮ್ಮ ತುಳುನಾಡಿನಲ್ಲಿ ಊಟವನ್ನು ಮನೆಯ ಹೊರಗೆ ನೆಲದ ಮೇಲಿಟ್ಟು ಹಿಂದಿರುಗಿ ನೋಡದೆ ಬರುವುದು ಸತ್ತವರಿಗೆ. ಕುಲೆಗಳಿಗೆ ಹಾಗೆ ಬಡಿಸುತ್ತಾರೆ. ಅದೂ ಆಟಿಯಲ್ಲಿ. ಜ್ವರದಲ್ಲಿ ಮಲಗಿರುವ ಹೆಂಗಸಿನ ಹೆಸರಿನಲ್ಲಿ ಆಟಿ ತಿಂಗಳಲ್ಲಿ ಮೆಟ್ಟಿಲ ಬುಡದಲ್ಲಿ ಅನ್ನ ಇಟ್ಟು ಬರುವುದು ನನ್ನಿಂದಾಗಲಿಲ್ಲ. ಒಮ್ಮೆ ಬಗ್ಗಿದೆ, ಮತ್ತೆ ಎತ್ತಿಕೊಂಡೆ. ಗಂಟೆ ಒತ್ತಿ ಬಾಗಿಲಲ್ಲಿಟ್ಟು ಇಳಿದುಬಿಟ್ಟರಾಯಿತು, ಯಾರು ನೋಡುತ್ತಾರೆ, ನಾಳೆ ಶನಿವಾರ ತಾನೇ ಮಗು ಬರುವುದು ಎಂದುಕೊಂಡು ನಾಲ್ಕು ಮಹಡಿ ಹತ್ತಿದೆ.

ಗಂಟೆ ಒತ್ತಿದೆ. ಪಾತ್ರೆ ಕೆಳಗಿಡಲು ಬಗ್ಗುವ ಮೊದಲೇ ಬಾಗಿಲು ತೆರೆಯಿತು.

ತೆರೆದವಳು ಕಪ್ಪು ಅಬಾಯಾದ ಮುದುಕಿ, ಕೈಯಲ್ಲಿ ಊರುಗೋಲು. ಹಿಂದೆ ಒಳಕೋಣೆಯ ಬಾಗಿಲಲ್ಲಿ ಅವಳು ನಿಂತಿದ್ದಳು, ಜ್ವರದಿಂದ ಬಿಳಚಿದ ಮುಖ, ಕೈಯಲ್ಲಿ ಚಹಾದ ತಟ್ಟೆ. ನನ್ನನ್ನು ಕಂಡದ್ದೇ ಅವಳು ಕಣ್ಣು ಮುಚ್ಚಿದಳು.

"ಯಾರು ನೀನು?" ಎಂದು ಮುದುಕಿ ಅರಬಿಯಲ್ಲಿ ಕೇಳಿದಳು. ಜೋರು ಮಾಡಲಿಲ್ಲ.

"ಬಕಾಲಾ," ಎಂದೆ.

ಅಷ್ಟಕ್ಕೇ ಮುಗಿಯುತ್ತಿತ್ತು. ಈ ಊರಿನಲ್ಲಿ ಬಕಾಲಾದವರು ದಿನಕ್ಕೆ ನೂರು ಬಾಗಿಲು ತಟ್ಟುತ್ತಾರೆ, ನಮ್ಮನ್ನು ಯಾರೂ ಗಂಡಸರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈಯಲ್ಲಿ ಒಂದು ಗೊನೆ ಬಾಳೆಕಾಯಿ ಇದ್ದಿದ್ದರೆ ಮುದುಕಿ ತೆಗೆದುಕೊಂಡು ಬಾಗಿಲು ಹಾಕುತ್ತಿದ್ದಳು. ಆದರೆ ಅಷ್ಟರಲ್ಲಿ ಮಗು ಓಡಿ ಬಂತು. ಹೊಸ ಮಂಚದ ಮೇಲೆ ಕುಣಿಯುತ್ತಿತ್ತೋ ಏನೋ, ಏದುಸಿರು ಬಿಡುತ್ತಿತ್ತು. ನನ್ನ ಕೈಯಲ್ಲಿದ್ದುದನ್ನು ಕಂಡು ಅದರ ಮುಖ ಅರಳಿತು.

"ಅಜ್ಜಿ, ಅದು ಅಮ್ಮನ ಪಾತ್ರೆ," ಎಂದಿತು. ಅನ್ನ ಬಂತೆಂದು ಅದಕ್ಕೆ ಖುಷಿ.

ಮುದುಕಿ ಮುಚ್ಚಳ ತೆಗೆದು ನೋಡಿದಳು. ಮನೆಯಲ್ಲಿ ಮಾಡಿದ ಅಡುಗೆ, ನೀಟಾಗಿ ಜೋಡಿಸಿದ್ದು. ಮೊಮ್ಮಗಳು ಪ್ರತಿ ವಾರ ಉಣ್ಣುವ ಪಾತ್ರೆ, ಯಾವನೋ ಗಂಡಸಿನ ಕೈಯಲ್ಲಿ, ಅವನ ಮನೆಯಿಂದ ತುಂಬಿ ಬಂದಿದೆ. ಮುದುಕಿ ಮುಚ್ಚಳವನ್ನು ಮೊದಲಿನ ಹಾಗೆಯೇ ಮುಚ್ಚಿದಳು. ತಿರುಗಿ ಸೊಸೆಯಾಗಿದ್ದವಳನ್ನು ನೋಡಿದಳು. ಮಗುವಿಗೆ ಚಪ್ಪಲಿ ಹಾಕಿಕೋ ಎಂದಳು. ಅವಳು ತಟ್ಟೆ ಹಿಡಿದು ನಿಂತೇ ಇದ್ದಳು.

ಪಾತ್ರೆ ನನ್ನ ಕೈಯಲ್ಲಿಯೇ ಉಳಿಯಿತು.

ಅಂಗಡಿಗೆ ಬಂದು ಗಲ್ಲಾದವನಿಗೆ ಹೇಳಿದೆ. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಅವಳಿಗೆ ಈಗ ಫೋನು ಗೀನು ಮಾಡ್ಲಿಕ್ಕೆ ಹೋಗ್ಬೇಡ," ಎಂದ. "ನೀನು ಸಮ ಮಾಡ್ಲಿಕ್ಕೆ ಹೋದ್ರೆ ಇನ್ನೂ ಹಾಳಾಗ್ತದೆ." ಆದರೂ ನಾನು ಜಹ್ರಾಕ್ಕೆ ಹೋಗಿ ಆ ಮುದುಕಿಯ ಕಾಲು ಹಿಡಿಯುತ್ತೇನೆ ಎಂದು ಹೊರಟಿದ್ದೆ. ಅವನು ವ್ಯಾನಿನ ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡ. ನನ್ನಂಥವನು ಆ ಮನೆಯ ಮೆಟ್ಟಿಲು ಹತ್ತಿದರೆ ಇದ್ದ ಅನುಮಾನಕ್ಕೂ ಸಾಕ್ಷಿ ಸಿಕ್ಕಿದ ಹಾಗಾಗುತ್ತಿತ್ತು. ಅದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ಶನಿವಾರ ಡ್ರೈವರ್ ಬರಲಿಲ್ಲ. ಮರು ಶನಿವಾರವೂ ಇಲ್ಲ. ಮೂರನೇ ವಾರ ಅವಳ ಸಂದೇಶ ಬಂತು, ಅದೇ ಕೊನೆಯದು. ಸಹಿ ಹಾಕುವುದಿಲ್ಲ ಎಂದಿದ್ದಾರೆ, ಖಲಾಸ್, ಹೋಗುತ್ತಿದ್ದೇನೆ. ಮಗಳು ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡಬಹುದು ಎಂದು ಅಜ್ಜಿ ಒಪ್ಪಿದ್ದಾಳೆ, ನನ್ನ ಬಗ್ಗೆ ಇನ್ನೊಂದು ಮಾತು ಕೇಳಿಸಿದರೆ ಅದೂ ನಿಲ್ಲುತ್ತದೆ. ಯಾರೇ ಕೇಳಲಿ, ನಿನಗೆ ನನ್ನ ಪರಿಚಯ ಇಲ್ಲ. ಈ ಒಂದು ಸಲ ನಾನು ಹೇಳಿದಷ್ಟೇ ಮಾಡು.

ಬೈಗುಳ ಇರಲಿಲ್ಲ. ಪಾತ್ರೆಯ ಮಾತೂ ಇರಲಿಲ್ಲ.

ಆಮೇಲೆ ನಾನು ಶುಕ್ರವಾರ ಹೊರಗೆ ತಿನ್ನಲು ಹೋಗುವುದನ್ನು ಬಿಟ್ಟೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ. ನಾನು ಮಾಡಿದ್ದನ್ನು ಉಂಡವರು ಬೇರೆಯವರು. ಪತ್ರೊಡೆಯನ್ನು ಆ ದಿನವೇ ಕಸಕ್ಕೆ ಹಾಕಿದ್ದೆ. ಪಾತ್ರೆಯನ್ನು ಅಂಗಡಿಯ ತರಕಾರಿ ಮೇಜಿನ ಕೆಳಗೆ, ತಕ್ಕಡಿಯ ಹಿಂದೆ ಇಟ್ಟಿದ್ದೇನೆ. ರೂಮಿನಲ್ಲಿಟ್ಟರೆ ಯಾರಾದರೂ ಅದರಲ್ಲಿ ಅನ್ನ ಬೇಯಿಸಿಯಾರು ಎಂಬ ಹೆದರಿಕೆ. ನೇಂದ್ರ ಕಾಯಿ ಈಗಲೂ ತರುತ್ತೇನೆ, ಮಲಯಾಳಿಗಳು ಒಯ್ಯುತ್ತಾರೆ.

ಶಾಲೆಗಳು ಶುರುವಾಗಿ ತಿಂಗಳು ಕಳೆದಿರಬೇಕು. ಒಂದು ಸಂಜೆ ದೊಡ್ಡ ಬಿಳಿ ಕಾರು ಅಂಗಡಿಯ ಮುಂದೆ ನಿಂತಿತು. ಡ್ರೈವರ್ ಸಿಗರೇಟಿಗೆಂದು ಗಲ್ಲಾದ ಹತ್ತಿರ ಬಂದ. ಹಿಂದಿನಿಂದ ಆ ಹುಡುಗಿ ಇಳಿದಳು, ಶಾಲೆಯ ಉಡುಪಿನಲ್ಲಿ. ಸ್ವಲ್ಪ ಎತ್ತರವಾಗಿದ್ದಳು. ಚಿಪ್ಸ್ ಕಡೆಗೆ ಹೋಗಲಿಲ್ಲ, ನೇರ ಬಾಳೆಕಾಯಿಯ ಪೆಟ್ಟಿಗೆಗೆ ಬಂದಳು. ಒಂದು ಕಾಯಿ ತೆಗೆದು ಉಗುರು ಒತ್ತಿದಳು. ಹಾಲು ಒಸರಿತು.

ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಅದು ಅಮ್ಮನ ಪಾತ್ರೆ ಅಂತ ನಾನು ಹೇಳಿದೆ. ಅದಕ್ಕೇನಾ ಅಮ್ಮ ಹೋದದ್ದು?"

ಇಲ್ಲ ಮಗಾ, ತಪ್ಪು ನನ್ನದು, ನೀನು ಖುಷಿಯಲ್ಲಿ ಹೇಳಿದೆ, ಅಷ್ಟೇ, ಎಂದು ಹೇಳಬೇಕಿತ್ತು. ಅವಳ ಎದುರು ಕೂತು, ಆ ಪಾತ್ರೆಯನ್ನು ತೆಗೆದು ಅವಳ ಕೈಗೆ ಕೊಡಬೇಕಿತ್ತು, ಅದು ನನ್ನ ಕಾಲಿನಿಂದ ಒಂದು ಮೊಳ ದೂರದಲ್ಲಿತ್ತು. ಡ್ರೈವರ್ ಲೈಟರು ಹುಡುಕುವುದನ್ನು ನಿಲ್ಲಿಸಿ ನಮ್ಮ ಕಡೆಗೆ ತಿರುಗಿ ನಿಂತಿದ್ದ. ಗಲ್ಲಾದವನು ನನ್ನನ್ನೇ ನೋಡುತ್ತಿದ್ದ. ಮುದುಕಿಯ ಕಿವಿಗೆ ಒಂದು ಮಾತು ಬಿದ್ದರೆ ವಾರಕ್ಕೊಂದು ಫೋನೂ ಇಲ್ಲ.

ಆ ಹೆಂಗಸು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದು ನಾನು ಅದೊಂದೇ ಸಲ.

"ನಿನ್ನ ಅಮ್ಮ ಯಾರೆಂದು ನನಗೆ ಗೊತ್ತಿಲ್ಲ, ಬೇಬಿ," ಎಂದೆ.

ಅವಳು, ತಾನು ಹೆದರಿದ್ದೇ ನಿಜವಾಯಿತು ಎಂಬಂತೆ ತಲೆಯಾಡಿಸಿದಳು. ಯಲ್ಲಾ, ಹೊರಡು, ಎಂದು ಡ್ರೈವರ್ ಕರೆದ. ಉಗುರಿನ ಗುರುತು ಕಾಣದ ಹಾಗೆ ಕಾಯಿಯನ್ನು ತಿರುಗಿಸಿ ಪೆಟ್ಟಿಗೆಯಲ್ಲಿಟ್ಟು ಹುಡುಗಿ ಕಾರಿನ ಕಡೆಗೆ ನಡೆದಳು.